ಹುಣಸೀಗಿಡದ ನಿಲುಗಡೆ

ನನ್ನ ಬಾಯಿ ಬೊಂಬಾಯಿ. ಇದನ್ನು ಬೇರೆಯವರು ಹೇಳುವ ತನಕ ಯಾಕೆ ಕಾಯಬೇಕು, ನಾನೇ ಹೇಳಿಬಿಡುತ್ತೇನೆ. ಹದಿನಾರು ವರ್ಷದಿಂದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಡುವೆ ಮಹಾಲಿಂಗಪುರ, ಆ ಕಡೆ ಸಾವಳಗಿ. ಈ ಸುತ್ತಿನಲ್ಲಿ ನಾನು ಟಿಕೆಟ್ ಕೊಡದ ರಸ್ತೆಯಿಲ್ಲ, ಜಗಳಾಡದ ಸ್ಟೇಜೂ ಇಲ್ಲ. ಬಾಗಿಲಲ್ಲಿ ನಿಂತು ನಾನು ‘ಹೋಲ್ಡಾನ್’ ಅಂದರೆ ಡ್ರೈವರನಿಗೆ ಸೀಟಿ ಬೇಕಾಗುವುದಿಲ್ಲ. ಒಮ್ಮೆ ಮುಧೋಳದಲ್ಲಿ ಪಕ್ಕದಲ್ಲಿ ಹೊರಟಿದ್ದ ಬೇರೆ ಬಸ್ಸೂ ನಿಂತುಬಿಟ್ಟಿತ್ತು.

ಈ ಗಂಟಲು ನನಗೆ ತವರುಮನೆಯಿಂದ ಬಂದದ್ದು. ಬನಹಟ್ಟಿಯಲ್ಲಿ ನಮ್ಮದು ನೇಕಾರರ ಮನೆ. ಒಂದೇ ಕೋಣೆಯಲ್ಲಿ ನಾಲ್ಕು ಪವರ್‌ಲೂಮು ಬೆಳಗಿನಿಂದ ಖಟಖಟ ಬಡಿಯುತ್ತಿದ್ದವು. ಅಲ್ಲಿ ‘ಅವ್ವಾ, ಹಸಿವಾಗೈತಿ’ ಅನ್ನಬೇಕಾದರೂ ಕೂಗಿಯೇ ಅನ್ನಬೇಕು. ಮೆಲ್ಲಗೆ ಮಾತಾಡುವವರು ಆ ಮನೆಯಲ್ಲಿ ಉಪವಾಸ ಬೀಳುತ್ತಿದ್ದರು. ನಮ್ಮ ಓಣಿಯಲ್ಲಿ ಖಾಕಿ ತೊಟ್ಟ ಮೊದಲ ಹೆಣ್ಣು ನಾನು. ಕೆಲಸದ ಆರ್ಡರು ಬಂದ ದಿನ ಅಪ್ಪ ನಾಲ್ಕೂ ಮಗ್ಗ ನಿಲ್ಲಿಸಿ ಓಣಿಗೆಲ್ಲ ಪೇಢೆ ಹಂಚಿದ. ಆ ಹೆಮ್ಮೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಆದರೆ ಈಗ ಹೇಳಹೊರಟ ಹೆಮ್ಮೆ ಬೇರೆಯದು, ಅದು ನಾನು ಮಾಡಿದ ಒಂದು ತಪ್ಪಿನಿಂದ ಶುರುವಾಯಿತು.

ಹೋದ ವರ್ಷದ ಬೇಸಿಗೆ. ಬೀಳಗಿಯಿಂದ ಜಮಖಂಡಿಗೆ ಮಧ್ಯಾಹ್ನದ ಟ್ರಿಪ್ಪು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅದರ ಮೇಲೆ ಅವತ್ತು ಮದುವೆಯ ಮುಹೂರ್ತ ಬೇರೆ. ಬೀಳಗಿಯಲ್ಲಿ ಒಬ್ಬ ಮುದುಕಿ ಹತ್ತಿದಳು, ತಲೆಯ ಮೇಲೆ ಜೋಳದ ಹಿಟ್ಟಿನ ಚೀಲ. ಆಕೆಯ ಮುಖದ ಗುರುತಿತ್ತು ನನಗೆ. ವಾರಕ್ಕೆರಡು ಸಲ ಬೀಳಗಿಯ ಒಂದು ಖಾನಾವಳಿಗೆ ಒಣಗಿಸಿದ ಕಟಕ ರೊಟ್ಟಿಯ ಬುಟ್ಟಿ ಒಯ್ದು ಕೊಟ್ಟು, ಬರುವಾಗ ಗಿರಣಿಯಲ್ಲಿ ಹಿಟ್ಟು ಹಾಕಿಸಿಕೊಂಡು ಬರುವವಳು. ರಸ್ತೆಯ ಬದಿಗೆ ಒಂದು ದೊಡ್ಡ ಹುಣಸೀಗಿಡವಿದೆ, ಅಲ್ಲಿಂದ ಹೊಲದ ದಾರಿ ಹಿಡಿದರೆ ಆಕೆಯ ಮನೆ. ಆದರೆ ಹುಣಸೀಗಿಡ ಸ್ಟೇಜ್ ಅಲ್ಲ, ಬಸ್ಸು ನಿಲ್ಲಿಸಲು ಮಂಜೂರಾದ ಜಾಗವಲ್ಲ. ಬೇರೆ ಕಂಡಕ್ಟರುಗಳು ಅಲ್ಲೊಂದು ಗಳಿಗೆ ಬಸ್ಸು ನಿಲ್ಲಿಸಿ ಆಕೆಯನ್ನು ಇಳಿಸುತ್ತಿದ್ದರು. ನಾನು ಮಾತ್ರ ಕಾಯದೆ ಅಂದರೆ ಕಾಯದೆ.

“ಹುಣಸೀಗಿಡದ ಕಡೆ ಒಂದೀಟ ನಿಂದ್ರಸ ಬೇ ನನ್ನವ್ವಾ,” ಅಂದಳು ಮುದುಕಿ.

“ಅಲ್ಲಿ ಸ್ಟೇಜ್ ಇಲ್ಲ. ನಿಂದ್ರಂಗಿಲ್ಲ.”

“ಹಿಟ್ಟಿನ ಚೀಲ ಐತಿ ಬೇ. ಬಿಸಲರೆ ನೋಡ, ಹ್ಯಾಂಗೈತಿ.”

ಆಗ ನಾನು ಅಂದೆ: “ಪುಕ್ಕಟೆ ಬರತೀರಿ, ಮ್ಯಾಲ ಹೇಳಿದಲ್ಲಿ ಇಳಸಬೇಕು! ನಿಮ್ಮಪ್ಪನ ಬಸ್ಸೇನ ಇದು?”

ನನ್ನ ದನಿ ಗೊತ್ತಲ್ಲ, ಬಸ್ಸಿಗೆ ಬಸ್ಸೇ ಕೇಳಿತು. ನಾಲ್ಕು ಜನ ನಕ್ಕರು. ಹುಣಸೀಗಿಡ ಹಿಂದೆ ಹೋಯಿತು. ಮುಂದಿನ ಸ್ಟೇಜು ಅಲ್ಲಿಂದ ಎರಡೂವರೆ ಕಿಲೋಮೀಟರ್, ಒಂದು ಸಣ್ಣ ಹಳ್ಳಿ. ಮುದುಕಿ ಅಲ್ಲಿ ಇಳಿದಳು. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಲ್ಲಿ ನೋಡಿದೆ, ಚೀಲ ತಲೆಗೇರಿಸಿಕೊಂಡು ಬಂದ ದಾರಿಯಲ್ಲೇ ತಿರುಗಿ ನಡೆಯುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ಏನೂ ಅನ್ನಿಸಲಿಲ್ಲ. ಜಮಖಂಡಿಯಲ್ಲಿ ಡಬ್ಬಿ ಬಿಚ್ಚಿ ಹೊಟ್ಟೆ ತುಂಬ ಉಂಡೆ.

ಅನ್ನಿಸಿದ್ದು ನಾಲ್ಕು ದಿನ ಬಿಟ್ಟು. ಮುಂಜಾನೆಯ ಟ್ರಿಪ್ಪಿನಲ್ಲಿ ಬೀಳಗಿಗೆ ಹೋಗುವಾಗ ನೋಡುತ್ತೇನೆ, ಮುದುಕಿ ರೊಟ್ಟಿಯ ಬುಟ್ಟಿ ಹೊತ್ತು ರಸ್ತೆಯ ಅಂಚಿನಲ್ಲಿ ನಡೆದು ಹೊರಟಿದ್ದಾಳೆ. ಹುಣಸೀಗಿಡದಿಂದ ಬೀಳಗಿಗೆ ಒಂಬತ್ತು ಕಿಲೋಮೀಟರ್. ಬಸ್ಸಿನ ಸದ್ದು ಕೇಳಿದೊಡನೆ ಆಕೆ ಮುಖವನ್ನು ಹೊಲದ ಕಡೆ ತಿರುಗಿಸಿಕೊಂಡಳು. ವಾರ ಕಳೆಯಿತು, ತಿಂಗಳು ಕಳೆಯಿತು. ವಾರಕ್ಕೆರಡು ಸಲ ಅದೇ ಬುಟ್ಟಿ, ಅದೇ ರಸ್ತೆ, ತಿರುಗಿದ ಅದೇ ಮುಖ. ಕಡೆಗೆ ನಮ್ಮ ಡ್ರೈವರನೇ ಒಂದಿನ ಹೇಳಿದ.

“ಅಕ್ಕಾರ, ಆ ಅವ್ವ ನಿಮ್ಮ ಬಸ್ಸ ಅಷ್ಟ ಅಲ್ಲ, ಯಾವ ಬಸ್ಸೂ ಹತ್ತವಲ್ಲಳಂತ. ಪುಕ್ಕಟೆ ಬ್ಯಾಡ, ದೇವರ ಕಾಲ ಕೊಟ್ಟಾನ ಅಂತಾಳಂತ.”

ಮಳೆಗಾಲ ಬಂತು, ಆಕೆ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ನಡೆದಳು. ಕಬ್ಬು ಕಡಿಯುವ ಕಾಲ ಬಂತು, ಟ್ರ್ಯಾಕ್ಟರುಗಳ ನಡುವೆ ಸರಿದು ಸರಿದು ನಡೆದಳು. ಒಮ್ಮೆ ಬಸ್ಸು ನಿಧಾನ ಮಾಡಿಸಿ ಬಾಗಿಲಿನಿಂದ, “ಬಾರವ್ವಾ, ಹತ್ತ,” ಅಂದೆ. ಆಕೆ ನಿಲ್ಲಲೂ ಇಲ್ಲ, ನೋಡಲೂ ಇಲ್ಲ. ಇಳಿದು ಹೋಗಿ ‘ನನ್ನದು ತಪ್ಪಾಯಿತು’ ಅನ್ನಬಹುದಿತ್ತು. ಹತ್ತು ತಿಂಗಳಲ್ಲಿ ಒಮ್ಮೆಯೂ ಅನ್ನಲಿಲ್ಲ. ಖಾಕಿ ಹಾಕಿಕೊಂಡು, ಬಸ್ಸು ತುಂಬ ಜನರ ಎದುರು, ಆ ಮಾತು ನನ್ನ ಗಂಟಲಿನಿಂದ ಹೊರಡಲಿಲ್ಲ. ಅದೂ ಮಗ್ಗದ ಸದ್ದನ್ನು ಮೀರಿ ಕೂಗುವ ಗಂಟಲು!

ನಮ್ಮ ಬನಹಟ್ಟಿಯಿಂದ ಪ್ರತಿ ವರ್ಷ ಹೋಳಿ ಹುಣ್ಣಿಮೆ ಮುಗಿದ ಮೇಲೆ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ, ಯುಗಾದಿಗೆ ಮಲ್ಲಯ್ಯನ ಪಾದ ಮುಟ್ಟುತ್ತಾರೆ. ದಾರಿ ಜಮಖಂಡಿ, ಬೀಳಗಿ ಮೇಲೆಯೇ. ಹದಿನಾರು ವರ್ಷ ನಾನು ಬಸ್ಸಿನ ಕಿಟಕಿಯಿಂದ ಅವರನ್ನು ನೋಡಿ, “ಒಂದ ಬಾಜು ನಡೀರಿ!” ಎಂದು ಬೈದು ಹೋದವಳು. ಈ ವರ್ಷ ರಜೆ ಹಾಕಿದೆ. ಆ ಮುದುಕಿ ನಡೆಯುತ್ತಿರುವುದು ನನ್ನ ದೆಸೆಯಿಂದ, ಹಾಗಾದರೆ ನಾನೂ ನಡೆಯುತ್ತೇನೆ, ಹುಣಸೀಗಿಡದ ಹತ್ತಿರ ಖಾಕಿ ಇಲ್ಲದೆ ಹೋಗಿ ಆ ಮಾತು ಅಂದೇಬಿಡುತ್ತೇನೆ ಎಂದುಕೊಂಡೆ. ಮನೆಯಲ್ಲಿ ಹೇಳಿದಾಗ ಗಂಡ, “ಹೋಗಿ ಬಾರ ಮಾರಾಯ್ತಿ. ಮನ್ಯಾಗ ಇಪ್ಪತ್ತ ದಿನ ಶಾಂತಿ ಸಿಗತೈತಿ,” ಅಂದ. ಅವನಿಗೆ ಕೊಡಬೇಕಾದ ಉತ್ತರವನ್ನು ಅಲ್ಲೇ ಕೊಟ್ಟೆ. ಇನ್ನೂ ವ್ರತ ಹಿಡಿದಿರಲಿಲ್ಲವಲ್ಲ.

ನಮ್ಮ ತಂಡಕ್ಕೆ ಹಿರಿಯ ಒಬ್ಬ ಅಜ್ಜ, ಎಲ್ಲರಿಗೂ ಮುತ್ತ್ಯಾ. ನಮ್ಮ ಓಣಿಯವನೇ, ನೇಕಾರ. ಮಲ್ಲಯ್ಯನ ಕಂಬಿ, ಅಂದರೆ ದೇವರ ಗುರುತು ಕಟ್ಟಿದ ಕೋಲು, ಅದನ್ನು ಹೆಗಲ ಮೇಲೆ ಹೊತ್ತು ನಡೆಯುವವನು ಅವನೇ. ನಾನು ಲಂಗ ತೊಟ್ಟು ಓಡಾಡುವಾಗಿನಿಂದ ನನ್ನನ್ನು ಬಲ್ಲ. ಅವನ ತಂಡದಲ್ಲಿ ಒಂದು ಪದ್ಧತಿಯಿದೆ. ಹೊರಡುವ ಮುಂಚೆ ಪ್ರತಿಯೊಬ್ಬರೂ ಊರ ಮಠದಲ್ಲಿ ಕಂಬಿಯ ಮುಂದೆ ನಿಂತು, ದಾರಿಯಲ್ಲಿ ತಾವು ಬಿಡುವ ಒಂದು ವಸ್ತುವಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಒಬ್ಬ ತಂಬಾಕು ಬಿಟ್ಟ. ಒಬ್ಬಳು ಚಹಾ ಬಿಟ್ಟಳು. ಮುಧೋಳದಿಂದ ಬಂದಿದ್ದ ಒಬ್ಬ ಸರಕಾರಿ ನೌಕರ ಮೊಬೈಲು ಬಿಟ್ಟ. ನನ್ನ ಸರದಿ ಬಂತು.

“ನಾ ಬಿರಸ ಮಾತ ಬಿಡತೀನಿ,” ಅಂದೆ.

ಮಠದಲ್ಲಿ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಹಿಂದಿನಿಂದ ಯಾರೋ ಅಂದರು. ಮುತ್ತ್ಯಾ ಮಾತ್ರ ನಗಲಿಲ್ಲ.

“ಛಲೋ ಆತು. ಆದ್ರ ರಿವಾಜ ಗೊತ್ತೈತಿಲ್ಲೋ? ಬಾಯಿ ಜಾರಿದವರು, ಯಾರಿಗೆ ಅಂದಾರ ಅವರ ಕಾಲ ಮುಟ್ಟಬೇಕು. ಆಮ್ಯಾಗ ಮುಂದಿನ ಊರತನಾ ಕೊಡ ಹೊರಬೇಕು.”

ಕೊಡವೆಂದರೆ ಒಂದು ತಾಮ್ರದ ಕೊಡ. ಹಿಂದೆ ಬರುವ ಗಾಡಿಯಲ್ಲಿ ನೀರಿನ ಕ್ಯಾನುಗಳಿದ್ದರೂ ತಂಡದವರು ಕುಡಿಯುವುದು ಈ ಕೊಡದ ನೀರನ್ನೇ. ತುಂಬಿದರೆ ಹಿಡಿದೆತ್ತುವುದೇ ಕಷ್ಟ. ಬೈಯುವವರ ತಲೆಯ ಮೇಲೆ ಎಲ್ಲರ ನೀರಡಿಕೆ ಕೂರಬೇಕು ಎನ್ನುವುದು ಈ ಜನ ಕಂಡುಕೊಂಡ ದಾರಿ. ಯಾವ ಕಾಯದೆ ಪುಸ್ತಕದಲ್ಲೂ ಇಷ್ಟು ಚಂದದ ಶಿಕ್ಷೆ ಇಲ್ಲ, ನಾನು ಬರೆದು ಕೊಡುತ್ತೇನೆ.

ಬನಹಟ್ಟಿ ದಾಟುವ ಮೊದಲೇ ಕೊಡ ನನ್ನ ತಲೆಗೆ ಬಂತು. ಮುಂದೆ ನಡೆಯುತ್ತಿದ್ದವರು ಗುಂಪುಗೂಡಿ ನಿಂತಿದ್ದರು, ಅಭ್ಯಾಸಬಲದಿಂದ, “ಮುಂದ ಸರೀರಿ, ಮುಂದ ಜಾಗಾ ಖಾಲಿ ಐತಿ!” ಎಂದು ಗದರಿಬಿಟ್ಟೆ. ಇದು ಬೈಗುಳವಲ್ಲ ಎಂದು ವಾದ ಹೂಡಿದೆ. ಮುತ್ತ್ಯಾ, “ಮಾತ ಬೈಗುಳಲ್ಲ ಖರೆ, ದನಿ ಬೈಗುಳದ್ದೈತಿ. ಹೊರು,” ಅಂದ. ಹೊತ್ತೆ. ಊರು ಕಳೆದ ಮೇಲೆ ಒಂದು ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು, ಟೇಪು ಹಚ್ಚಿಕೊಂಡು, ನಮ್ಮ ಮೈಗೆ ತಾಗುವಂತೆ ಹೋಯಿತು. ಆ ಡ್ರೈವರನ ಏಳು ತಲೆಮಾರನ್ನು ಎತ್ತಿ ಬೈದೆ. ಅವನಿಗೆ ಕೇಳಿಸಲೂ ಇಲ್ಲ, ಹೋಗಿಬಿಟ್ಟ.

“ಈಗ ಯಾರ ಕಾಲ ಮುಟ್ಟಲಿ ಮುತ್ತ್ಯಾ? ಅಂವಾ ಹ್ವಾದ,” ಅಂದೆ, ಗೆದ್ದವಳ ಹಾಗೆ.

“ಅವನ ಗಾಲಿ ಹಾದ ಮಣ್ಣ ಐತೆಲ್ಲ, ಅದನ್ನ ಮುಟ್ಟು.”

ಹೆದ್ದಾರಿಯ ಅಂಚಿನಲ್ಲಿ ಕೂತು ಟ್ರ್ಯಾಕ್ಟರಿನ ಗಾಲಿಯ ಗುರುತಿಗೆ ಕೈ ಮುಗಿದೆ. ಮೈಯೆಲ್ಲ ಉರಿಯಿತು. ಆದರೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಾಗ, ಆ ಡ್ರೈವರನೂ ನಮ್ಮ ಡ್ರೈವರನ ಹಾಗೆ ಕಣ್ಣು ಕೆಂಪಾಗಿಸಿಕೊಂಡು, ಮಧ್ಯಾಹ್ನ ಉಣ್ಣದೆ ಓಡಿಸುತ್ತಿರಬಹುದು ಎನ್ನಿಸಿತು. ಅನ್ನಿಸಿದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ಮಧ್ಯಾಹ್ನ ಗಂಡ ಫೋನು ಮಾಡಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದ. ನಾನು ಕೊಟ್ಟ ಉತ್ತರದಿಂದ ಮತ್ತೊಂದು ಊರಿನ ತನಕ ಕೊಡ ಬಂತು, ಕಾಲು ಮುಟ್ಟುವುದು ಊರಿಗೆ ಹೋದ ಮೇಲೆ ಎಂದು ಮುತ್ತ್ಯಾ ರಿಯಾಯಿತಿ ಕೊಟ್ಟ. ಅವತ್ತು ಒಂದು ದಿನದಲ್ಲಿ ಏಳು ಸಲ ಹೊತ್ತಿದ್ದೇನೆ. ತಂಡದವರು, “ನಮಗ ಈ ವರ್ಷ ನೀರಿನ ಚಿಂತಿ ಇಲ್ಲ,” ಎಂದು ನಗುತ್ತಿದ್ದರು.

ಬರಿಗಾಲು. ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ, ಕಾಲಿಗೆ ಇಡೀ ದಿನ. ಎಂಟನೇ ಕಿಲೋಮೀಟರಿಗೆ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಒಂದು ಕಡೆ ಮುತ್ತ್ಯಾ ಕಂಬಿ ಹೊತ್ತುಕೊಂಡೇ ಸಟ್ಟನೆ ಬದಿಗೆ ಸರಿದು ನಡೆದ. ನೋಡಿದರೆ ರಸ್ತೆಗೆ ಅಡ್ಡವಾಗಿ ಇರುವೆಗಳ ಸಾಲು.

“ಚಪ್ಪಲಿ ಯಾಕ ಬಿಡತೀವಿ ಅಂತ ಮಾಡಿ? ಕಾಲಿಗೆ ನೋವಾದ್ರ ಮನಷ್ಯಾ ಕೆಳಗ ನೋಡತಾನ. ಕೆಳಗ ನೋಡಿದ್ರ ಇರಬಿ ಕಾಣತಾವ. ಕಂಡ ಮ್ಯಾಲ ತುಳಿಯಾಕ ಮನಸ ಬರಂಗಿಲ್ಲ, ಅಷ್ಟ. ದೊಡ್ಡ ಮಾತೇನಿಲ್ಲ ಇದರಾಗ,” ಅಂದ.

ಬಸ್ಸಿನ ಮೆಟ್ಟಿಲ ಮೇಲಿಂದ ನನಗೆ ಹದಿನಾರು ವರ್ಷ ಕಂಡದ್ದು ತಲೆಗಳು. ಎಷ್ಟು ತಲೆ, ಎಷ್ಟು ಟಿಕೆಟ್. ಕಾಲುಗಳನ್ನು ನೋಡಿರಲೇ ಇಲ್ಲ.

ನನ್ನ ಸೀಮೆಯ ಬಗ್ಗೆ ನನಗೆ ಮೊದಲಿನಿಂದಲೂ ಹೆಮ್ಮೆ, ಆದರೆ ಅವತ್ತು ಬಂದ ಹೆಮ್ಮೆ ಕಣ್ಣಲ್ಲಿ ನೀರು ತರಿಸುವಂಥದ್ದು. ದಾರಿಯುದ್ದಕ್ಕೂ ಜನ ಬಾಗಿಲಲ್ಲಿ ಕಾದು ನಿಂತಿದ್ದರು. ಯಾರ ಮನೆಯವರು, ಯಾವ ಜಾತಿಯವರು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಒಬ್ಬರು ಮಜ್ಜಿಗೆ ಕೊಟ್ಟರು, ಒಬ್ಬರು ಹೊಸ ಬೆಲ್ಲದ ಪಾನಕ ಕೊಟ್ಟರು. ಹಿಪ್ಪರಗಿ ಕಡೆಯಿಂದ ಬೈಕಿನ ಮೇಲೆ ಕಲ್ಲಂಗಡಿ ಹೇರಿಕೊಂಡು ಬಂದು ರಸ್ತೆಯಲ್ಲೇ ಕೊಯ್ದು ಹಂಚಿದರು. ಜಮಖಂಡಿಯ ಊರಬಾಗಿಲ ಅಗಸಿಯಲ್ಲಿ ಪಂಕ್ಚರ್ ಅಂಗಡಿಯ ಸಾಬರು ಅಂಗಡಿ ಬಂದ್ ಮಾಡಿ, ನಮ್ಮ ಕಾಲಿನ ಮುಳ್ಳು ತೆಗೆಯುತ್ತ ಕೂತಿದ್ದರು. ಅವರಿಗೆ ನಾನು ಚಿಲ್ಲರೆ ವಿಷಯಕ್ಕೆ ಎಷ್ಟೋ ಸಲ ಬೈದಿದ್ದೇನೆ. ಅವರು ಗುರುತು ಹಿಡಿದು, “ಕಂಡಕ್ಟರಬಾಯಿ, ಇವತ್ತ ಬಸ್ಸ ಕೆಟ್ಟೈತೇನ್ರಿ?” ಎಂದು ನಕ್ಕು ನನ್ನ ಹಿಮ್ಮಡಿಯ ಮುಳ್ಳನ್ನು ಚಿಮಟಿಗೆಯಿಂದ ಕಿತ್ತರು. ನಾನೂ ನಕ್ಕೆ.

ಅಲ್ಲಿ ಉಣ್ಣುವಾಗ ಮುತ್ತ್ಯಾ ಮರುದಿನದ ದಾರಿ ಹೇಳಿದ. “ನಾಳೆ ಮಧ್ಯಾಹ್ನ ಹುಣಸೀಗಿಡದ ಕೆಳಗ ಇಳಕೊಳ್ಳೂದು. ಅಲ್ಲೊಬ್ಬಾಕಿ ಅವ್ವ ಅದಾಳ. ಪ್ರತಿ ವರ್ಷ ಹಂಡೆ ತುಂಬ ನೀರ ಕಾಸಿ, ಬಂದವರದೆಲ್ಲ ಕಾಲ ತಾನ ತೊಳೀತಾಳ. ಯಾರೂ ಒಲ್ಲೆ ಅನ್ನಬ್ಯಾಡ್ರಿ. ಕಾಲ ತೊಳೀತೀನಿ ಅಂದವರಿಗೆ ಒಲ್ಲೆ ಅಂದ್ರ ಅದೂ ಬೈದಂಗ.”

ತುತ್ತು ಕೈಯಲ್ಲೇ ಉಳಿಯಿತು. ನಾನು ಆಕೆಯ ಮನೆಯ ತನಕ ಹೋಗಿ, ದೂರ ನಿಂತು, ಒಂದು ಮಾತು ಹೇಳಿ ಓಡಿಬರುವುದೆಂದು ಲೆಕ್ಕ ಹಾಕಿದ್ದೆ. ಆಕೆ ನನ್ನ ಕಾಲು ಹಿಡಿಯುತ್ತಾಳೆಂದು ಯಾರಿಗೆ ಗೊತ್ತಿತ್ತು!

ಮರುದಿನ ನಾನು ಬಾಯಿ ಬಿಚ್ಚಲಿಲ್ಲ. ಎಲ್ಲರೂ ಹುಷಾರಿಲ್ಲವೇನೋ ಎಂದುಕೊಂಡರು. ಬಿಸಿಲೇರಿದಂತೆ ಡಾಂಬರು ಕಾದ ತವೆಯಾಯಿತು. ಆಕೆಯನ್ನು ಅವತ್ತು ಇಳಿಸಿದ ಆ ಸಣ್ಣ ಹಳ್ಳಿಯ ಸ್ಟೇಜಿಗೆ ಬಂದೆವು. ಬೋರ್ಡಿನ ಕೆಳಗೆ ನಿಂತೆ. ಇಲ್ಲಿಂದ ಹುಣಸೀಗಿಡಕ್ಕೆ ಎರಡೂವರೆ ಕಿಲೋಮೀಟರ್. ಕೊಡ ಅವತ್ತು ಬೇರೊಬ್ಬನ ಹೆಗಲ ಮೇಲಿತ್ತು, ಬೀಡಿಗಾಗಿ ಜಗಳ ತೆಗೆದಿದ್ದನಂತೆ. ಹೋಗಿ ಕೊಡಕ್ಕೆ ಕೈಹಾಕಿದೆ.

“ಇವತ್ತ ನೀ ಯಾರಿಗೂ ಏನೂ ಅಂದಿಲ್ಲಲ್ಲ ಬೇ?” ಅಂದ ಮುತ್ತ್ಯಾ.

“ಇವತ್ತಂದಿದ್ದಲ್ಲ ಮುತ್ತ್ಯಾ. ಹೋದ ವರ್ಷ ಅಂದಿದ್ದು. ಹಳೇ ಮಾತಿಗೆ ಈ ರಿವಾಜ ಬರತೈತೇನ?”

ಅಲ್ಲೇ ರಸ್ತೆಯಲ್ಲಿ ಎಲ್ಲವನ್ನೂ ಹೇಳಿದೆ. ಮುತ್ತ್ಯಾ ಕಂಬಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ. “ಅಂದ ಮಾತಿಗೆ ಹಳೇದು ಹೊಸಾದು ಇರತೈತೇನ ಬೇ? ಕೇಳಿದವರ ಕಿವ್ಯಾಗ ಅದು ದಿನಾ ಹೊಸಾದ. ಹೊರು,” ಅಂದ.

ಆ ಎರಡೂವರೆ ಕಿಲೋಮೀಟರನ್ನು ಬಸ್ಸಿನಲ್ಲಿ ಎಷ್ಟು ಸಾವಿರ ಸಲ ದಾಟಿದ್ದೇನೋ. ಅಲ್ಲಿ ಒಂದೂ ನೆರಳಿಲ್ಲ ಎಂದು ಅವತ್ತೇ ಗೊತ್ತಾಯಿತು. ಸಣ್ಣ ಏರು ಒಂದಿದೆ, ಬಸ್ಸಿನಲ್ಲಿ ಕೂತವರಿಗೆ ಅದು ಏರೆಂದೇ ಅನ್ನಿಸುವುದಿಲ್ಲ. ಕುತ್ತಿಗೆಯ ನರ ಸೆಟೆದು ನಿಂತಿತು, ಕೊಡದ ನೀರು ತುಳುಕಿ ಬೆನ್ನ ಮೇಲೆ ಇಳಿಯಿತು. ನನಗೆ ನಲವತ್ತಾರು. ಆಕೆಗೆ ಎಪ್ಪತ್ತು ದಾಟಿರಬೇಕು, ಆಕೆಯ ಚೀಲದಲ್ಲಿ ಚೆಲ್ಲಿ ಹಗುರಾಗುವ ನೀರೂ ಇರಲಿಲ್ಲ. ನಡುವೆ ಒಂದು ಬಸ್ಸು ಹಾದುಹೋಯಿತು. ಬಾಗಿಲಲ್ಲಿ ನಿಂತಿದ್ದವನು ನಮ್ಮ ಡಿಪೋದವನೇ, “ಒಂದ ಬಾಜು ನಡೀರಿ!” ಎಂದು ಕೂಗಿದ. ನಾನು ಮುಖವನ್ನು ಹೊಲದ ಕಡೆ ತಿರುಗಿಸಿಕೊಂಡೆ. ತಿರುಗಿಸಿಕೊಂಡ ಮೇಲೆ ಏನು ಮಾಡಿದೆನೆಂದು ತಿಳಿದು ಅಳು ಬಂತು.

ಹುಣಸೀಗಿಡದ ಕೆಳಗೆ ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಇತ್ತು. ಮುದುಕಿ ಒಂದು ಮಣೆ ಹಾಕಿ, ತಾನು ನೆಲದಲ್ಲಿ ಕೂತು, ಬಂದವರ ಕಾಲನ್ನು ಒಬ್ಬೊಬ್ಬರದಾಗಿ ಬುಟ್ಟಿಯಷ್ಟಗಲದ ಪರಾತದಲ್ಲಿ ಇರಿಸಿ ತೊಳೆಯುತ್ತಿದ್ದಳು. ಬಿಸಿನೀರು, ಉಪ್ಪು, ಅರಿಸಿನ. ತೊಳೆದ ಮೇಲೆ ಸೆರಗಿನಿಂದ ಒರೆಸಿ ಔಡಲೆಣ್ಣೆ. ಮುಖ ಎತ್ತಿ ಯಾರನ್ನೂ ನೋಡುತ್ತಿರಲಿಲ್ಲ, ಬರೀ ಕಾಲು ನೋಡುತ್ತಿದ್ದಳು. ನಾನು ಎಲ್ಲರಿಗಿಂತ ಹಿಂದೆ ಉಳಿದೆ. ಕಡೆಗೆ ಮಣೆಯ ಮೇಲೆ ನಾನೊಬ್ಬಳೇ.

ಬಲಗಾಲು ಹಿಡಿದು ನೀರಿಗಿಟ್ಟಳು. ಒಡೆದ ಗುಳ್ಳೆಗೆ ಉಪ್ಪುನೀರು ತಾಗಿ ಜೀವ ಹೋದಂತಾಯಿತು. ಆಕೆಯ ಬೆರಳುಗಳು ರೊಟ್ಟಿ ಬಡಿದು ಬಡಿದು ಗಟ್ಟಿಯಾದವು, ಆದರೆ ಗುಳ್ಳೆಯ ಸುತ್ತ ಮಾತ್ರ ಮೆತ್ತಗೆ ಆಡಿದವು. “ಹೊಸಬಾಕಿ ಕಾಣತಿ. ಕಾಲ ಕೂಸಿನ ಕಾಲ ಇದ್ದಂಗ ಅದಾವ,” ಅಂದಳು, ತಲೆ ಎತ್ತದೆ.

“ಅವ್ವಾ,” ಅಂದೆ.

ಆಕೆಯ ಕೈ ನಿಂತಿತು. ನಾನು ಮೆಲ್ಲಗೇ ಅಂದಿದ್ದೆ, ನನ್ನ ಮಟ್ಟಿಗೆ ಮೆಲ್ಲಗೆ. ಆದರೂ ಈ ದನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

“ಹೋದ ಬ್ಯಾಸಗ್ಯಾಗ ನಿನ್ನ ಇಲ್ಲಿ ಇಳಸಲಿಲ್ಲಲ್ಲ, ಆ ಕಂಡಕ್ಟರ ನಾನ ಅದೀನವ್ವಾ. ಪುಕ್ಕಟೆ ಅಂತ ಅಂದೆ. ಅನಬಾರದ ಮಾತ ಅಂದೆ. ನಂದು ತಪ್ಪಾತು.”

ಹಂಡೆಯ ಕೆಳಗೆ ಕಟ್ಟಿಗೆ ಚಟಪಟ ಅನ್ನುತ್ತಿತ್ತು. ಆಕೆ ನನ್ನ ಪಾದವನ್ನು ಹಿಡಿದುಕೊಂಡೇ ಕೂತಿದ್ದಳು. ಎಳೆದುಕೊಳ್ಳಲೂ ಆಗದು, ಇಡಲೂ ಆಗದು. ಎತ್ತಿ ಒಗೆದುಬಿಡಲಿ, ಬೈಯಲಿ, ಏನಾದರೂ ಅನ್ನಲಿ ಎಂದು ಕಾದೆ. ಆಕೆ ಆ ಪಾದವನ್ನು ಮೇಲೆತ್ತಿ, ಸೆರಗಿನಿಂದ ಒರೆಸಿ, ಎಣ್ಣೆ ಹಚ್ಚಿ, ಪಕ್ಕಕ್ಕಿಟ್ಟಳು.

“ಆ ಕಾಲ ಕೊಡು,” ಅಂದಳು.

ಎಡಗಾಲು ಕೊಟ್ಟೆ. ಅಳು ತಡೆಯಲಿಲ್ಲ, ಬಾಯಿ ಬಿಟ್ಟು ಅತ್ತೆ. ಅದೂ ಜೋರಾಗಿಯೇ ಅತ್ತೆ, ಬೇರೆ ಹೇಗೆ ಅಳಲಿ. ಆಕೆ ಎಡಗಾಲನ್ನೂ ಅಷ್ಟೇ ನಿಧಾನವಾಗಿ ತೊಳೆದಳು. ತೊಳೆಯುತ್ತ ಒಂದೇ ಮಾತಾಡಿದಳು.

“ಹಿಟ್ಟಿನ ಚೀಲ ವಜ್ಜಿ ಆಗಲಿಲ್ಲ ನನ್ನವ್ವಾ. ಹುಟ್ಟಿದಾಗಿಂದ ಹೊತ್ತೇನಿ. ನಿನ್ನ ಮಾತ ವಜ್ಜಿ ಆತು. ಎಂಥಾ ಹೊತ್ತಿನ್ಯಾಗೂ ನಾ ಪುಕ್ಕಟೆ ಉಂಡಾಕಿ ಅಲ್ಲ.”

ರಿವಾಜಿನ ಪ್ರಕಾರ ನಾನು ಆಕೆಯ ಕಾಲು ಮುಟ್ಟಿದೆ. ಆ ಹಿಮ್ಮಡಿಯಲ್ಲಿ ಬೇಸಿಗೆಯ ಎರೆಹೊಲದಂಥ ಬಿರುಕುಗಳಿದ್ದವು. “ಇನ್ನ ಮ್ಯಾಲ ಬಸ್ಸಿಗೆ ಬಾರವ್ವಾ,” ಎಂದು ಕೇಳಿಕೊಂಡೆ. ಆಕೆ ಪರಾತದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, “ನೋಡೂಣು,” ಅಂದಳು. ಅಷ್ಟೇ.

ಶ್ರೀಶೈಲಕ್ಕೂ ಹೋದೆ. ಕಾಡು ದಾಟಿದೆ, ಬೆಟ್ಟ ಹತ್ತಿದೆ, ಉಘೇ ಉಘೇ ಎಂದು ಕೂಗುವ ಕಡೆ ನನ್ನ ಗಂಟಲು ಎಲ್ಲರಿಗೂ ಉಪಯೋಗವಾಯಿತು. ಏಳು ಸಲ ಹೊರುತ್ತಿದ್ದ ಕೊಡ ಮೂರಾಯಿತು, ಒಂದಾಯಿತು, ಕಡೆಯ ನಾಲ್ಕು ದಿನ ನನ್ನ ತಲೆಗೆ ಬರಲೇ ಇಲ್ಲ. ಮುತ್ತ್ಯಾ, “ಈಗ ನೀರ ಹೊರಾಕ ಬ್ಯಾರೆ ಬೈಯಾವರನ್ನ ಹುಡಕಬೇಕು,” ಅಂದ. ಮಲ್ಲಯ್ಯನ ಮುಂದೆ ನಿಂತಾಗ ಬೇರೇನೂ ಬೇಡಲಿಲ್ಲ, ಆಕೆ ಬಸ್ಸು ಹತ್ತಲಿ ಎಂದು ಬೇಡಿಕೊಂಡೆ.

ಮರಳಿ ಬಂದು ಕೆಲಸಕ್ಕೆ ಹಾಜರಾದ ದಿನವೇ ಹುಣಸೀಗಿಡಕ್ಕೆ ಕೋರಿಕೆ ನಿಲುಗಡೆ ಬೇಕೆಂದು ಅರ್ಜಿ ಬರೆದೆ. ಹೊಲದ ಮನೆಗಳಿಗೆಲ್ಲ ತಿರುಗಿ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಡಿಪೋದ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. “ಇದನ್ನ ನೀವು ಬರದೀರಿ? ನೀವು?” ಅಂದರು. “ನಾನ ರೀ,” ಅಂದೆ. ಕಾಯದೆ ಬೇಕೇ ಬೇಕೆಂದರೆ ಕಾಯದೆಯಲ್ಲಿಯೇ ಆಕೆಗೆ ಜಾಗ ಮಾಡಿಸುವುದೂ ನನಗೆ ಗೊತ್ತು. ಎರಡು ತಿಂಗಳು ಬೆನ್ನು ಹತ್ತಿದೆ, ಬೈಯದೆ ಬೆನ್ನು ಹತ್ತಿದೆ, ಅದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಕಡೆಗೆ ಮಂಜೂರಾಯಿತು. ಗಿಡದ ಪಕ್ಕ ಒಂದು ಕಂಬ ನೆಟ್ಟು, ತಗಡಿನ ಬೋರ್ಡು ಹಾಕಿದರು.

ಬೋರ್ಡು ಬಂದ ಮೇಲೂ ಆಕೆ ನಡೆದಳು. ಒಂದು ವಾರ, ಎರಡು ವಾರ. ಮುಖ ಮಾತ್ರ ತಿರುಗಿಸುತ್ತಿರಲಿಲ್ಲ, ಬಸ್ಸಿನ ಕಡೆ ನೋಡಿ ನಡೆಯುತ್ತಿದ್ದಳು. ನಾನೂ ಕರೆಯಲಿಲ್ಲ. ಕರೆದರೆ ಅದೂ ಒತ್ತಾಯ, ಒತ್ತಾಯವೂ ಒಂದು ಥರ ಬೈಗುಳವೇ. ಪ್ರತಿ ಟ್ರಿಪ್ಪಿಗೂ ಬೋರ್ಡಿನ ಹತ್ತಿರ ‘ಹೋಲ್ಡಾನ್’ ಅಂದೆ, ಒಂದು ಗಳಿಗೆ ಕಾದೆ, ಮುಂದೆ ಹೋದೆ. ಡ್ರೈವರನೂ ಪ್ರತಿ ಸಲ ಬ್ರೇಕು ಒತ್ತಿದ.

ಹೋದ ವಾರ ಮುಂಜಾನೆ ಆಕೆ ಬೋರ್ಡಿನ ಕೆಳಗೆ ನಿಂತಿದ್ದಳು. ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಒಂದು ಕೈ ಮೇಲೆತ್ತಿದ್ದಳು. ಬಸ್ಸು ನಿಂತಿತು. ಒಳಗೆ ಕಾಲಿಡಲು ಜಾಗವಿಲ್ಲ, ಯಾರೋ, “ಇಲ್ಲಿ ಸ್ಟೇಜ್ ಐತೇನ್ರಿ?” ಎಂದು ಗೊಣಗಿದರು. “ಐತ್ರಿ, ಬೋರ್ಡ ಓದರಿ,” ಅಂದೆ, ಮೆಲ್ಲಗೆ. ಕೆಳಗಿಳಿದು ಬುಟ್ಟಿ ಇಸಿದುಕೊಂಡು ಒಳಗಿನವರ ಕೈಗೆ ಕೊಟ್ಟೆ. ಆಕೆ ಬಾಗಿಲಿನ ಕಂಬಿ ಹಿಡಿದು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ನಮ್ಮ ಬಸ್ಸಿನ ಮೆಟ್ಟಿಲು ಎತ್ತರ. ಇನ್ನೊಂದು ಕಾಲು ಮೇಲೇಳದೆ ಹಾಗೇ ಜೋತಾಡಿತು. ಹದಿನಾರು ವರ್ಷದಲ್ಲಿ ಎಷ್ಟು ಮುದುಕಿಯರ ಕಾಲು ಹೀಗೆ ಜೋತಾಡಿತ್ತೋ, ನಾನು ಮೇಲೆ ನಿಂತು, “ಲಗೂ ಹತ್ತರಿ,” ಎಂದು ಗದರುತ್ತಿದ್ದೆ.

ಬಗ್ಗಿದೆ. ಖಾಕಿಯ ಮೊಣಕಾಲು ಮಣ್ಣಿಗೂರಿ ಎರಡೂ ಕೈ ಚಾಚಿದೆ.

“ಅವ್ವಾ, ಆ ಕಾಲ ಕೊಡು.”

ಆಕೆ ತಿರುಗಿ ನನ್ನನ್ನು ನೋಡಿದಳು. ಕೊಟ್ಟಳು. ಎತ್ತಿ ಮೆಟ್ಟಿಲ ಮೇಲಿಟ್ಟು, ಹಿಂದೆಯೇ ಹತ್ತಿಕೊಂಡು, ನನ್ನ ಗಂಟಲಿನಲ್ಲಿ ಇದ್ದಷ್ಟೂ ದನಿ ತೆಗೆದು ‘ರೈಟ್’ ಅಂದೆ.